ಗೂಬೆಯು ಅಪಶಕುನವೇ?

ಗೂಬೆಯು ಮನೆಯೊಳಗೆ ಹೊಕ್ಕರೆ ಆ ಮನೆಯನ್ನು ಕೆಲಕಾಲ ತೊರೆಯಬೇಕೆಂಬ ನಂಬಿಕೆಯು ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದಿದೆ. ಹಾಲಕ್ಕಿಯೆಂಬ ಸಣ್ಣ ಗೂಬೆಯ ದನಿಯನ್ನು ಕೇಳಿ ಭವಿಷ್ಯ ನುಡಿಯುವೆವೆಂದು ಬುಡಬುಡಿಕೆಯವರು ನಸುಕಿನಲ್ಲಿ ಮನೆಮನೆಗೆ ಬರುತ್ತಿದ್ದರು. ಆದರೆ ಬಂಗಾಳದಲ್ಲಿ ಗೂಬೆಯು ಲಕ್ಷ್ಮಿಯ ವಾಹನವೆಂದು ಪೂಜ್ಯವಾಗಿದೆ. ಒಂದೇ ಹಕ್ಕಿಯು ಒಂದೆಡೆ ಅಮಂಗಳವೂ ಮತ್ತೊಂದೆಡೆ ಮಂಗಳವೂ ಆಗುವುದಾದರೆ, ಶಕುನವು ಹಕ್ಕಿಯಲ್ಲಿಲ್ಲ, ನೋಡುವವರ ಮನಸ್ಸಿನಲ್ಲಿದೆ ಎಂದು ತಿಳಿಯಬೇಕು.

ಈ ಭಯಕ್ಕೆ ಕಾರಣಗಳಿಲ್ಲದಿಲ್ಲ. ಗೂಬೆಯು ನಿಶಾಚರಿ; ಪಾಳುಗೋಡೆಗಳಲ್ಲಿಯೂ ಮರದ ಪೊಟರೆಗಳಲ್ಲಿಯೂ ವಾಸಿಸುತ್ತದೆ. ಅದರ ಗರಿಗಳ ಅಂಚು ಎಳೆಎಳೆಯಾಗಿ ಮೃದುವಾಗಿರುವುದರಿಂದ ಹಾರುವಾಗ ಸದ್ದಾಗದು. ಕಣ್ಣುಗುಡ್ಡೆಗಳು ಹೊರಳದ ಕಾರಣ ಅದು ಕತ್ತನ್ನೇ ಸುಮಾರು 270 ಡಿಗ್ರಿಯಷ್ಟು ತಿರುಗಿಸುತ್ತದೆ. ಕತ್ತಲೆಯಲ್ಲಿ ಇದನ್ನು ಕಂಡವರು ಬೆದರಿದುದು ಸಹಜವೇ. ಆದರೆ ಇವೆಲ್ಲವೂ ಬೇಟೆಗಾಗಿ ಪ್ರಕೃತಿಯು ಅದಕ್ಕೆ ಕೊಟ್ಟ ಸಾಧನಗಳು.

ದಹಿಸರಿನ ನಮಗೆ ಈ ವಿಚಾರವು ದೂರದ್ದಲ್ಲ. ನಮ್ಮ ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅರಣ್ಯವಿದೆ; ಅಲ್ಲಿ ಗೂಬೆಗಳಿವೆ. ಮುಂಬಯಿಯ ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರವು ಹರಡುತ್ತದೆ. ಇಲಿಗಳನ್ನು ತಿನ್ನುವ ಗೂಬೆಯು ನಮಗೆ ಉಪಕಾರಿಯೇ ಹೊರತು ಅಪಕಾರಿಯಲ್ಲ. ಆದರೂ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಕೊಲ್ಲುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ. ಗಾಯಗೊಂಡ ಗೂಬೆಯು ಕಂಡರೆ ಕಲ್ಲೆಸೆಯದೆ ಅರಣ್ಯ ಇಲಾಖೆಗೆ ತಿಳಿಸುವುದು ನಮ್ಮ ಕರ್ತವ್ಯ.

ತಪ್ಪಿಲ್ಲದವರ ಮೇಲೆ ತಪ್ಪು ಹೊರಿಸುವುದನ್ನು ನಮ್ಮ ನುಡಿಯಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಆ ಗೂಬೆಯ ಮೇಲೆಯೇ ಗೂಬೆ ಕೂರಿಸುವುದು ನ್ಯಾಯವೇ?