ಹೊಂಗೆಮರದ ವಹಿ

ಎಂಟನೇ ತರಗತಿಯ 58 ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೊರಳಿಗೊಂದು ಸೀಟಿ ನೇತುಹಾಕಿಕೊಂಡು ಊರ ಕೆರೆಗೆ ಹೊರಟಾಗ ನಾನು ಆ ಶಾಲೆಗೆ ಬಂದು ವರ್ಷವೂ ಆಗಿರಲಿಲ್ಲ. ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆ, ನಾನು ವಿಜ್ಞಾನದ ಮೇಷ್ಟ್ರಮ್ಮ. ಚೀಲದಲ್ಲಿ ಹಕ್ಕಿಗಳ ಪಟ್ಟಿ, ಒಂದೊಂದರ ಮುಂದೂ ವೈಜ್ಞಾನಿಕ ಹೆಸರು. ಏರಿಯ ಮೇಲೆ ನಿಂತು ಪಾಠ ಶುರುಮಾಡಿದೆ. ಬಾಲ ಕುಣಿಸುತ್ತ ಕಲ್ಲಿಂದ ಕಲ್ಲಿಗೆ ಓಡುತ್ತಿದ್ದ ಕಪ್ಪು-ಬಿಳುಪು ಹಕ್ಕಿಯನ್ನು ತೋರಿಸಿ, ಇದು ಸಿಪಿಲೆ ಎಂದೆ.

"ಅಲ್ಲ ಮಿಸ್, ಕುಂಡೆಕುಸ್ಕ," ಎಂದ ಹಿಂದಿನ ಸಾಲಿನ ಹುಡುಗ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಗದರಿದೆ. ಆಮೇಲೆ ಹಕ್ಕಿಯನ್ನು ಯಾರೂ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಅವನು ಹೇಳಿದ್ದೂ ಅದರ ಹೆಸರೇ, ಹಕ್ಕಿಯ ನಡೆಯನ್ನು ಕಂಡವರು ಇಟ್ಟದ್ದು ಎಂದು ನನಗೆ ಗೊತ್ತಾಗಲು ಬಹಳ ದಿನ ಬೇಕಾಯಿತು.

ನೀರಿನ ಅಂಚಿಗೆ ಇಳಿಯೋಣ ಎನ್ನುವಷ್ಟರಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜ ಕೂಗಿಕೊಂಡರು: "ತಾಯೀ, ಆ ಕಡೀಕೆ ಮಕ್ಳುನ್ನ ಬಿಡಬ್ಯಾಡಿ! ಜೆಸಿಬಿ ತಂದು ಮಣ್ಣು ಬಗ್ದವ್ರೆ. ಎರಡಾಳುದ್ದ ಗುಂಡಿ ಐತೆ." ಬೇಸಿಗೆಯಲ್ಲಿ ತೋಡಿದ ಗುಂಡಿ ಮಳೆಯಾದ ಮೇಲೆ ಕಾಣುವುದಿಲ್ಲ, ದಡದಿಂದ ನೋಡಿದರೆ ಮೊಣಕಾಲುದ್ದ ನೀರು ಅಷ್ಟೇ. ನನ್ನ ಕಾಲು ನಡುಗಿತು. ಅಲ್ಲಿಂದೀಚೆಗೆ ಹಿಂದಿನ ದಿನ ನಾನೇ ಹೋಗಿ ಜಾಗ ನೋಡಿ, ಅಲ್ಲಿ ದನ ಕುರಿ ಕಾಯುವವರನ್ನು ಒಂದು ಮಾತು ಕೇಳದೆ ಮಕ್ಕಳನ್ನು ಎಲ್ಲಿಗೂ ಕರೆದೊಯ್ದಿಲ್ಲ.

ಸುದ್ದಿ ಊರು ತುಂಬ ಹರಡಿ ಎಸ್‌ಡಿಎಂಸಿ ಸಭೆಗೂ ಬಂತು. ಒಬ್ಬ ತಾಯಿ ಎದ್ದು ನಿಂತು, "ಬಿಸಿಲಲ್ಲಿ ಅಲೆಯೋಕೆ ಸ್ಕೂಲಿಗೆ ಕಳಿಸ್ಬೇಕಾ ಮಿಸ್? ನಮ್ಮನೇಲಿ ಕುರಿ ಇಲ್ವಾ?" ಎಂದರು. ಉತ್ತರ ಹೊಳೆಯಲಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಶಾಲೆಗಳಲ್ಲಿ ಪರಿಸರ ಕಡ್ಡಾಯ ವಿಷಯವಾಗಬೇಕು ಎಂದಿದೆ ಎಂದು ಹೇಳಬಹುದಿತ್ತು. ಕುರಿಯ ಪ್ರಶ್ನೆಗೆ ಅದು ಉತ್ತರವಲ್ಲ. ಆಕೆಯ ಮಗಳು ದಿನಾ ಬಯಲಲ್ಲೇ ಇರುವವಳು, ಬಯಲನ್ನು ಅವಳಿಗೆ ತೋರಿಸಲು ನಾನು ಯಾರು?

ಮರುವರ್ಷ ಕೆರೆಯ ಗೊಡವೆಗೇ ಹೋಗಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಷ್ಟವಿದ್ದವರು ಇರಿ ಎಂದೆ. ಹನ್ನೆರಡು ಮಂದಿ ಉಳಿದರು, ಆ ಕುರಿಮನೆಯ ಹುಡುಗಿಯೂ. ಶಾಲೆಯ ಕಾಂಪೌಂಡಿನ ಹೊಂಗೆಮರವೊಂದೇ ನಮ್ಮ ಪಾಠ. ಪ್ರತಿ ಫೆಬ್ರುವರಿಯಲ್ಲಿ ಹಕ್ಕಿಪ್ರಿಯರು ನಡೆಸುವ ಹಕ್ಕಿ ಎಣಿಕೆಯಲ್ಲಿ ಕನಿಷ್ಠ 15 ನಿಮಿಷ ಹಕ್ಕಿ ನೋಡುತ್ತ ಎಣಿಸಬೇಕೆಂಬ ನಿಯಮವಿದೆ. ಅದನ್ನೇ ಎರವಲು ತಂದು, ಮರದಡಿ 15 ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಮಿಸ್ ಸಹ, ಎಂದು ಕಟ್ಟಳೆ ಮಾಡಿದೆವು. ಎಲ್ಲರಿಗಿಂತ ಮೊದಲು ಅದನ್ನು ಮುರಿಯುತ್ತಿದ್ದವಳು ನಾನೇ.

ಮೂರನೆಯದೋ ನಾಲ್ಕನೆಯದೋ ಶನಿವಾರ ಕುರಿಮನೆಯ ಹುಡುಗಿ ಒಂದು ಎಲೆ ತಂದಳು. ಮೇಲೆ ಸೀಮೆಸುಣ್ಣದಲ್ಲಿ ಗೀಚಿದಂತೆ ಅಂಕುಡೊಂಕು ಬಿಳಿ ಗೆರೆ. ಹೊಂಗೆ ಎಲೆಯಲ್ಲಿ ಇದು ಎಲ್ಲರೂ ಕಂಡದ್ದೇ, ರೋಗ ಎಂದು ನಾನು ಸುಮ್ಮನಾಗಿದ್ದೆ. "ಮಿಸ್, ಗೆರೆ ಈ ತುದೀಲಿ ಸಣ್ಣ, ಆ ತುದೀಲಿ ದಪ್ಪ. ಯಾಕೆ?" ಎಂದಳು. ಎಲೆಯನ್ನು ಬಿಸಿಲಿಗೆ ಹಿಡಿದೆವು. ದಪ್ಪ ತುದಿಯಲ್ಲಿ ಒಂದು ಪುಟ್ಟ ಹುಳು! ಎಲೆಯ ಎರಡು ಪೊರೆಗಳ ನಡುವೆ ಹೊಕ್ಕು ತಿನ್ನುತ್ತ ಸಾಗಿದೆ, ತಿಂದಂತೆ ತಾನು ಬೆಳೆದಿದೆ, ಅದರ ಜೊತೆ ದಾರಿಯೂ ಅಗಲವಾಗಿದೆ. ಇದಿಷ್ಟನ್ನೂ ಅವರೇ ಜೋಡಿಸಿದರು. ನಾನು ಮಾಡಿದ್ದು ಎಲೆ ಹಿಡಿದುಕೊಂಡದ್ದು.

ಆಗಸ್ಟಿನಲ್ಲಿ ಈಚಲು ಮರದ ಗೀಜಗಗಳ ಸರದಿ. ಇದು ಆ ಕುಂಡೆಕುಸ್ಕದ ಹುಡುಗನ ತಮ್ಮ ತೋರಿಸಿದ ಜಾಗ. ಕೆಲವು ಗೂಡು ಅರ್ಧಕ್ಕೇ ನಿಂತಿದ್ದವು. ಗಂಡು ಅರ್ಧ ಹೆಣೆದು ಹೆಣ್ಣಿಗೆ ತೋರಿಸುತ್ತದೆ, ಅವಳಿಗೆ ಹಿಡಿಸಿದರೆ ಮಾತ್ರ ಕೊಳವೆಬಾಗಿಲಿಟ್ಟು ಮುಗಿಸುತ್ತದೆ ಎಂದೆ. "ಹಂಗಾರೆ ಇವೆಲ್ಲ ಫೇಲಾ ಮಿಸ್?" ಎಂದ. ಹತ್ತನೇ ತರಗತಿ ಫಲಿತಾಂಶ ಬಂದ ವಾರ ಮನೆಮನೆಯಲ್ಲಿ ಕೇಳುವ ದನಿಯದೇ. ನನಗೆ ನಗಲಾಗಲಿಲ್ಲ.

ಈಗ ಒಂದು ಉದ್ದನೆಯ ವಹಿಯಿದೆ. ಹೊಂಗೆ ಎಲೆ ಉದುರಿಸಿದ್ದು, ಚಿಗುರಿದ್ದು, ಹೂ ಬಿಟ್ಟದ್ದು, ಕಾಯಿ ಕಟ್ಟಿದ್ದು, ತಾರೀಖಿನ ಸಮೇತ. ಒಂದು ಬ್ಯಾಚ್ ಹತ್ತನೇ ತರಗತಿ ಮುಗಿಸಿ ಹೋದರೆ ಇನ್ನೊಂದು ಬರೆಯುತ್ತದೆ. ಎಚ್‌ಎಂ ಅದನ್ನು ಇಕೋ ಕ್ಲಬ್ಬಿನ ದಾಖಲೆ ಎಂದು ತೋರಿಸಿಕೊಳ್ಳುತ್ತಾರೆ. ತೋರಿಸಲಿ, ಶನಿವಾರ ಕೊಟ್ಟಿದ್ದಾರಲ್ಲ.

ಈ ವರ್ಷದ ಮಕ್ಕಳಿಗೂ ಹಳೆಯ ವಹಿಗೂ ಜಗಳ. ಹೋದ ವರ್ಷದವರು ಚಿಗುರನ್ನು ಮಾರ್ಚ್ ಮೊದಲ ವಾರ ಎಂದು ಬರೆದಿದ್ದಾರೆ. ಈ ಸಲ ಫೆಬ್ರುವರಿ ಮುಗಿಯುವ ಮೊದಲೇ ಮರ ಕೆಂಚಗೆ ಚಿಗುರಿ ನಿಂತಿದೆ. "ಅವರು ನೋಡದೆ ಬರ್ದವ್ರೆ ಮಿಸ್," ಎನ್ನುತ್ತಾರೆ ಇವರು. ಬರೆದವಳು ಈಗ ಪಿಯುಸಿಯಲ್ಲಿ ಓದುತ್ತಿದ್ದಾಳೆ. ಬರುವ ಶನಿವಾರ ಅವಳನ್ನೇ ಕರೆಸಿ ಕೇಳುವುದೆಂದು ತೀರ್ಮಾನವಾಗಿದೆ. ಬರುತ್ತೇನೆಂದಿದ್ದಾಳಂತೆ, ಕುರಿ ಕಟ್ಟಿ.