ರಸ್ತೆ ಹೇಳುವ ಲೆಕ್ಕ

ವಿದ್ಯಾರ್ಥಿಗಳೇ, ನೀವು ಶಾಲೆಗೆ ಬರುವಾಗ ಯಾವ ರಸ್ತೆಯನ್ನು ದಾಟುತ್ತೀರಿ? ಹೊಸೂರು, ಶೂಲಗಿರಿ ಕಡೆಯವರಾದರೆ ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಒಮ್ಮೆಯಾದರೂ ದಾಟಿರುತ್ತೀರಿ. ಹಿರಿಯರ ಬಾಯಲ್ಲಿ ಅದಿನ್ನೂ 7ನೆಯ ಹೆದ್ದಾರಿಯೇ. ನಮ್ಮ ಗುಲಾಬಿ, ಟೊಮೇಟೊ ಮಾರುಕಟ್ಟೆ ಸೇರುವುದು ಅದರಲ್ಲೇ. ನಮ್ಮವರು ಕಾರ್ಖಾನೆಗೆ ಹೋಗಿ ಬರುವುದೂ ಅದರಲ್ಲೇ.

ಈ ರಸ್ತೆಯಲ್ಲಿ ಅಪಘಾತವಾದರೆ ‘ಹಣೆಬರಹ’ ಎಂದು ನಿಟ್ಟುಸಿರು ಬಿಡುವುದು ನಮ್ಮ ರೂಢಿ. ಆದರೆ ಹಣೆಬರಹವು ವರ್ಷ ವರ್ಷವೂ ಅದೇ ತಿರುವಿನಲ್ಲಿ, ಅದೇ ಅಡ್ಡರಸ್ತೆಯಲ್ಲಿ ಬಂದು ಕಾಯುತ್ತದೆಯೇ? ಲೆಕ್ಕವನ್ನು ಕೇಳೋಣ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ನಡೆದವು. 1,68,491 ಮಂದಿ ಮಡಿದರು. ಭಾಗಿಸಿ ನೋಡಿ, ಗಂಟೆಗೆ 19 ಜನ. ಆ ವರ್ಷ ಅತಿ ಹೆಚ್ಚು ಅಪಘಾತಗಳು ನಡೆದ ರಾಜ್ಯ ನಮ್ಮ ತಮಿಳುನಾಡು: 64,105. ಸತ್ತವರು 17,884. ದೇಶದಲ್ಲಿ ಮಡಿದವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ನೂರರಲ್ಲಿ ಸುಮಾರು ಎಪ್ಪತ್ತು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ವಾಹನ ಓಡುವ ದೂರ ನಾಲ್ಕರಷ್ಟಾಗುತ್ತದೆ. ವಿಜ್ಞಾನದ ಪಾಠದಲ್ಲಿ ನೀವು ಓದಿದ ಚಲನ ಶಕ್ತಿಯ ಸೂತ್ರವೇ ಇದು.

ಅಪಘಾತವಾದ 30 ದಿನಗಳೊಳಗೆ ತೀರಿಕೊಂಡವರನ್ನು ಮಾತ್ರ ಸತ್ತವರ ಪಟ್ಟಿಗೆ ಸೇರಿಸುತ್ತಾರೆ. ಉಳಿದವರು ‘ಗಾಯಾಳು’ಗಳು. ಅಂಥ ಒಬ್ಬ ಗಾಯಾಳುವಿನ ಮಗಳು ನನ್ನ ತರಗತಿಯಲ್ಲಿದ್ದಳು. ತಂದೆ ಬೆಳಗಿನ ಜಾವ ದ್ವಿಚಕ್ರ ವಾಹನದಲ್ಲಿ ಹೂವಿನ ಮೂಟೆ ಕಟ್ಟಿಕೊಂಡು ಹೊರಟಿದ್ದರು. ಕಾಲು ಮುರಿಯಿತು, ಜೀವ ಉಳಿಯಿತು. ಮೊದಲು ಹಸುಗಳು ಮಾರಾಟವಾದವು, ಆಮೇಲೆ ತಾಯಿಯ ಓಲೆ. ಕಾಲೇಜಿನಲ್ಲಿದ್ದ ಅಕ್ಕ ಕೆಲಸಕ್ಕೆ ಸೇರಿದಳು. ಈ ಹುಡುಗಿ ಸೋಮವಾರಗಳಂದು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಕೇಳಿದರೆ, ‘ಅಪ್ಪನ್ನ ಆಸ್ಪತ್ರೆಗೆ ಕರಕೊಂಡು ಹೋಗೋರು ಯಾರೂ ಇಲ್ಲ ಸಾರ್’ ಎಂದಳು. ಸರ್ಕಾರದ ಪಟ್ಟಿಯಲ್ಲಿ ಇಷ್ಟೆಲ್ಲವೂ ಸೇರಿ ‘ಒಂದು’.

ಹಾಗೆಂದು ಆ ‘ಒಂದು’ ವ್ಯರ್ಥವಲ್ಲ. 2021ರಲ್ಲಿ ತಮಿಳುನಾಡು, ಕರ್ನಾಟಕ ಸೇರಿದಂತೆ ಆರು ರಾಜ್ಯಗಳಲ್ಲಿ ಮೊದಲಿಗೆ ಒಂದು ಹೊಸ ದಾಖಲೆ ಪದ್ಧತಿ ಬಂದಿತು, ಮದ್ರಾಸಿನ ಐ.ಐ.ಟಿ. ಅದನ್ನು ರೂಪಿಸಿತು. ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆ. ಅಪಘಾತ ನಡೆದ ಜಾಗವು ನಕ್ಷೆಯಲ್ಲಿ ಚುಕ್ಕೆಯಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಭಾಗದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು ನಡೆದರೆ, ಇಲ್ಲವೆ ಹತ್ತು ಮಂದಿ ಸತ್ತರೆ, ಅದನ್ನು ‘ಕಪ್ಪುಚುಕ್ಕೆ’ ಎಂದು ಗುರುತಿಸುತ್ತಾರೆ. ಅಲ್ಲಿ ದೀಪ, ಕೆಳಸೇತುವೆ, ಪಕ್ಕದ ರಸ್ತೆ, ಹೀಗೆ ಬೇಕಾದುದನ್ನು ಯೋಜಿಸುತ್ತಾರೆ. ಧರ್ಮಪುರಿ ಜಿಲ್ಲೆಯ ತೊಪ್ಪೂರು ಘಟ್ಟದ ಹೆಸರನ್ನು ನೀವು ಕೇಳಿರಬಹುದು; ಇಳಿಜಾರಿನಲ್ಲಿ ಲಾರಿಗಳು ಹಿಡಿತ ತಪ್ಪುವ ಜಾಗ ಅದು. ಚಾಲಕರೆಲ್ಲರೂ ಒಂದೇ ಕಡೆ ಎಚ್ಚರ ತಪ್ಪುತ್ತಾರೆಂದರೆ ರಸ್ತೆಯನ್ನೂ ಪ್ರಶ್ನಿಸಬೇಕಲ್ಲವೇ?

ಹತ್ತು ಜನ ಸಾಯುವವರೆಗೆ ಕಾಯಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಸ್ತೆ ಕಟ್ಟುವ ಮೊದಲೇ ನಕ್ಷೆಯನ್ನು ಪರಿಶೀಲಿಸುವ ಸುರಕ್ಷತಾ ತಪಾಸಣೆ ಇರುವುದು ಇದಕ್ಕಾಗಿಯೇ. ಜಿಲ್ಲಾಧಿಕಾರಿಗಳ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿಯೂ ಇದೆ; ಅದಕ್ಕೆ ಊರಿನವರು ಮನವಿ ಕೊಡಬಹುದು.

ಗಾಯಗೊಂಡವರ ವಿಷಯಕ್ಕೆ ಬರೋಣ. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರವು ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯನ್ನು ಆರಂಭಿಸಿತು. ಗಾಯಾಳು ಯಾವ ರಾಜ್ಯದವರಾದರೂ ಸರಿ, ಅಪಘಾತ ಇಲ್ಲಿ ನಡೆದಿದ್ದರೆ ಸಾಕು. ಗಡಿಯಲ್ಲಿರುವ ನಮಗೆ ಇದು ದೊಡ್ಡ ಮಾತು. ಕೇಸಿನ ಭಯದಿಂದ ದೂರ ನಿಲ್ಲುವವರು ಇಂದಿಗೂ ಇದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳಬೇಕೆಂದು ಒತ್ತಾಯಿಸುವಂತೆಯೂ ಇಲ್ಲ. ಈ ವಿಷಯವನ್ನು ಮನೆಯಲ್ಲಿ ಹೇಳಿ.

ಈಗ ನಿಮಗೊಂದು ಕೆಲಸ. ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆ ಬರೆಯಿರಿ. ರಸ್ತೆ ದಾಟುವ ಜಾಗ, ದೀಪವಿಲ್ಲದ ಜಾಗ, ಹಿಂದೆ ಅಪಘಾತವಾದ ಜಾಗಗಳನ್ನು ಹಿರಿಯರನ್ನು ಕೇಳಿ ಗುರುತಿಸಿರಿ. ಎಲ್ಲರ ನಕ್ಷೆಗಳನ್ನೂ ತರಗತಿಯಲ್ಲಿ ಒಂದರ ಪಕ್ಕ ಒಂದಿಟ್ಟು, ಯಾವ ಜಾಗದಲ್ಲಿ ಹೆಚ್ಚು ಗುರುತುಗಳು ಬಿದ್ದಿವೆ ಎಂದು ನೋಡಿರಿ. ಆ ಜಾಗದ ಬಗ್ಗೆ ಸಮಿತಿಗೆ ಒಂದು ಮನವಿ ಪತ್ರ ಬರೆಯಿರಿ.