ವರಾಹ ಲಾಂಛನವೂ ಕಿಸುಕಾಡು ಎಪ್ಪತ್ತೂ

ನಮ್ಮ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಈಗ ಗದಗ ಜಿಲ್ಲೆಗೆ ಸೇರಿರುವದು. 1997ಕ್ಕೆ ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದಿತು. ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಸೂಡಿಯ ಸುತ್ತಣ ನೆಲವನ್ನು ಕಿಸುಕಾಡು ಎಪ್ಪತ್ತು ಎಂದು ಕರೆಯುತ್ತಿದ್ದರು. ಅದನ್ನು ಆಳಿದವರು ಚಾಲುಕ್ಯರು. ಅವರ ಕುಲದ ಲಾಂಛನವು ವರಾಹ, ಎಂದರೆ ಹಂದಿ.

ಹಂದಿಯೆಂದೊಡನೆ ಮೂಗು ಮುರಿಯುವ ವಾಚಕರು ತುಸು ತಾಳಬೇಕು. ಚಾಲುಕ್ಯರು ಭೂಮಿಯನ್ನು ದಾನವಾಗಿ ಕೊಡುವಾಗ ತಾಮ್ರದ ಹಲಗೆಗಳ ಮೇಲೆ ಶಾಸನವನ್ನು ಕೊರೆಯಿಸಿ, ಅವುಗಳನ್ನೊಂದು ಬಳೆಯಲ್ಲಿ ಪೋಣಿಸಿ, ಬಳೆಯ ಎರಡು ತುದಿಗಳನ್ನು ಮುದ್ರೆಯಲ್ಲಿ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನೂ ತೆಗೆದು ಬೇರೊಂದನ್ನು ಸೇರಿಸಲಾಗದು. ಆ ಮುದ್ರೆಯ ಮೇಲೆ ನಿಂತಿದ್ದುದೇ ವರಾಹ. ಬಡ ಒಕ್ಕಲಿಗನಾಗಲಿ, ವಿದ್ವಾಂಸನಾಗಲಿ, ಹೊಲದ ಮೇಲಣ ತನ್ನ ಹಕ್ಕನ್ನು ಆ ಮೃಗದ ಮುಖ ನೋಡಿಯೇ ನಂಬಬೇಕಾಗಿದ್ದಿತು.

ಇದರ ಅರ್ಥವು ಪುರಾಣದಿಂದ ಬಂದುದು. ನೀರಿನಲ್ಲಿ ಮುಳುಗಿದ ಭೂದೇವಿಯನ್ನು ವಿಷ್ಣುವು ವರಾಹನಾಗಿ ಮೇಲಕ್ಕೆತ್ತಿದನೆಂಬುದು ಕಥೆ. ಅರಸನೂ ಹಾಗೆಯೇ ನೆಲವನ್ನು ಎತ್ತಿ ಹಿಡಿಯತಕ್ಕವನು, ನೆಲವನ್ನು ನುಂಗತಕ್ಕವನಲ್ಲ. ಮುದ್ರೆಯಲ್ಲಿ ಬರಿಯ ಮೃಗವಿರುವದು. ಭೂದೇವಿಯನ್ನು ನೋಡುವವರು ಮನಸ್ಸಿನಲ್ಲಿಯೇ ಕೂಡಿಸಿಕೊಳ್ಳಬೇಕು. ಶಿವಾಲಯಗಳನ್ನು ಹೇರಳವಾಗಿ ಕಟ್ಟಿಸಿದ ಈ ಮನೆತನವು ಲಾಂಛನವನ್ನು ಮಾತ್ರ ಬದಲಿಸಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಇಲ್ಲಿ ನಮ್ಮ ವಿದ್ಯಾರ್ಥಿನಿಯರಿಗೆ ವಿಶೇಷವಾದೊಂದು ಮಾತುಂಟು. 1010ರ ಸೂಡಿಯ ಶಾಸನದ ಪ್ರಕಾರ ಕಿಸುಕಾಡನ್ನು ಆಗ ಆಳುತ್ತಿದ್ದವಳು ಒಬ್ಬ ಸ್ತ್ರೀ: ಐದನೆಯ ವಿಕ್ರಮಾದಿತ್ಯನಿಗೂ ಎರಡನೆಯ ಜಯಸಿಂಹನಿಗೂ ಸೋದರಿಯಾದ ಅಕ್ಕಾದೇವಿ. ಗುಣದಬೆಡಂಗಿ ಎಂಬುದು ಆಕೆಯ ಬಿರುದು. ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ ಧೀರೆ ಆಕೆ. ಲಾಂಛನದ ಕಥೆಯಲ್ಲಿ ಹೆಣ್ಣು ಎತ್ತಲ್ಪಡುವವಳು. ಕಿಸುಕಾಡಿನಲ್ಲಿ ಅದೇ ಲಾಂಛನದಡಿ ನೆಲದ ಭಾರವನ್ನು ಎತ್ತಿದವಳೇ ಹೆಣ್ಣು. ಈ ಬಗೆಯನ್ನು ನಮ್ಮ ಪಾಠಪುಸ್ತಕಗಳು ಇನ್ನಷ್ಟು ವಿಸ್ತಾರವಾಗಿ ಹೇಳಿದ್ದರೆ ಒಳಿತಾಗುತ್ತಿದ್ದಿತು.

ಮಳೆಗಾಗಿ ಮುಗಿಲು ನೋಡುವ ಈ ಎರೆಯ ಸೀಮೆಗೆ ಮುಳುಗಿದ ಭೂಮಿಯ ಕಥೆ ಹೊಂದದೆಂದು ಯಾರಾದರೂ ನಕ್ಕಾರು. 2009ರಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿ ರೋಣ, ನರಗುಂದ ತಾಲೂಕುಗಳ ಹಳ್ಳಿಗಳನ್ನು ಹೊಕ್ಕುದನ್ನು ಕಂಡವರು ನಗಲಾರರು.

ಮುಂದೆ ವಿಜಯನಗರದವರೂ ವರಾಹವನ್ನೇ ತಮ್ಮ ಮುದ್ರೆಯಾಗಿ ತಳೆದರು. ಚಿನ್ನದ ನಾಣ್ಯಕ್ಕೂ ವರಾಹವೆಂಬ ಹೆಸರು ನಿಂತಿತು. 1956ರ ಏಕೀಕರಣದಿಂದ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರಿನ ಗಂಡಭೇರುಂಡವೇ ಇಂದು ಕರ್ನಾಟಕದ ರಾಜ್ಯ ಲಾಂಛನದಲ್ಲಿರುವದು. ವರಾಹವನ್ನು ಕಾಣಬಯಸುವವರು ಬಾದಾಮಿಯ ಮೂರನೆಯ ಗುಹೆಗೆ ಹೋಗಬಹುದು. 578ರಲ್ಲಿ ಮಂಗಳೇಶನಿಂದ ಪೂರ್ಣವಾದ ಆ ಗುಹೆಯಲ್ಲಿ ವರಾಹನ ಕೈಯ ಮೇಲೆ ಭೂದೇವಿಯು ಈಗಲೂ ನಿಂತಿರುವಳು.